‘ಬ್ರೇಕ್ ಫೇಲ್’ ಎಂದು ಬರೆದರೆ ಕಾರಣ ಸಿಕ್ಕಂತಾಯಿತೇ?

ಪ್ರಶ್ನೆ: ನಮ್ಮ ಅಕ್ಕನ ಗಂಡ ಸಂಡೂರು ತಾಲ್ಲೂಕಿನ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಗುತ್ತಿಗೆದಾರರ ಟಿಪ್ಪರ್ ಓಡಿಸುತ್ತಿದ್ದರು. ಕಳೆದ ತಿಂಗಳು ಅದಿರು ತುಂಬಿಕೊಂಡು ಗುಡ್ಡದಿಂದ ಇಳಿಯುವಾಗ ಗಾಡಿ ಹಿಡಿತ ತಪ್ಪಿ, ತಿರುವಿನಲ್ಲಿ ಕೆಳಕ್ಕೆ ಉರುಳಿ, ಸ್ಥಳದಲ್ಲೇ ತೀರಿಕೊಂಡರು. ಪೊಲೀಸರ ಕಾಗದದಲ್ಲಿ ‘ಬ್ರೇಕ್ ಫೇಲ್ ಆಗಿ, ಚಾಲಕನ ಅಜಾಗರೂಕತೆಯಿಂದ’ ಎಂದಿದೆ. ಗೇರ್ ನ್ಯೂಟ್ರಲ್‌ನಲ್ಲಿ ಸಿಕ್ಕಿತು, ಡೀಸೆಲ್ ಉಳಿಸಲು ಹಾಗೆ ಬಿಟ್ಟಿದ್ದರು ಎಂದು ಮೇಲ್ವಿಚಾರಕರು ಹೇಳುತ್ತಿದ್ದಾರೆ. ಆದರೆ ಆ ಗಾಡಿಗೆ ಎರಡು ತಿಂಗಳ ಹಿಂದಷ್ಟೇ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಿತ್ತು. ಎಫ್‌ಸಿ ಆದ ಗಾಡಿಯ ಬ್ರೇಕ್ ಹೇಗೆ ಹೋಗುತ್ತದೆ? ತಪ್ಪು ಭಾವನದೇ ಎಂದು ಬರೆದುಬಿಟ್ಟರೆ ಅಕ್ಕನಿಗೆ ಪರಿಹಾರ ಸಿಗುವುದಿಲ್ಲವೇ? ನನ್ನ ತಮ್ಮನೂ ಅಲ್ಲೇ ಟಿಪ್ಪರ್ ಓಡಿಸುತ್ತಾನೆ. ಅವನು ಏನನ್ನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮ ಮನೆಯ ದುಃಖದಲ್ಲಿ ಪಾಲು ತೆಗೆದುಕೊಳ್ಳುವುದನ್ನು ಬಿಟ್ಟು ಬೇರೇನೂ ಮಾಡಲಾರದ ದೂರದಲ್ಲಿ ನಾನಿದ್ದೇನೆ. ಗಣಿಗಳ ಭಾರೀ ಯಂತ್ರಗಳ ನಿರ್ವಹಣೆಯಲ್ಲಿ ಬಹಳ ವರ್ಷ ಕಳೆದವನಾಗಿ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದೇನೆ. ಗಾಡಿಯನ್ನು ಕಣ್ಣಾರೆ ನೋಡದ ನಾನು ನಿಮ್ಮ ಭಾವನವರ ಅಪಘಾತದ ನಿಜವಾದ ಕಾರಣ ಇಂಥದ್ದೇ ಎಂದು ಹೇಳಲಾರೆ. ಆದರೆ ‘ಬ್ರೇಕ್ ಫೇಲ್’ ಎಂಬುದು ಕಾರಣವಲ್ಲ ಎಂದಂತೂ ಖಚಿತವಾಗಿ ಹೇಳಬಲ್ಲೆ. ಸತ್ತವರ ಬಗ್ಗೆ ‘ಉಸಿರು ನಿಂತು ಸತ್ತರು’ ಎಂದು ಬರೆದರೆ ಹೇಗೋ ಇದೂ ಹಾಗೆಯೇ. ಉಸಿರು ಏಕೆ ನಿಂತಿತು ಎಂಬಲ್ಲಿಂದ ತನಿಖೆ ಶುರುವಾಗಬೇಕು.

ಮೊದಲು ಜಾಗದ ವಿಚಾರ. ಹೆಚ್ಚಿನ ತೆರೆದ ಗಣಿಗಳು ನೆಲದಿಂದ ಕೆಳಕ್ಕೆ ಅಗೆದ ಗುಂಡಿಗಳು. ಅಲ್ಲಿ ಗಾಡಿ ಖಾಲಿಯಾಗಿ ಇಳಿಯುತ್ತದೆ, ತುಂಬಿಕೊಂಡು ಏರುತ್ತದೆ. ಏರುವಾಗ ಸೋತರೆ ಹಿಮ್ಮುಖವಾಗಿ ಜಾರುವ ಅಪಾಯವಿದ್ದರೂ, ಭಾರ ಹೊತ್ತು ಮೈಲಿಗಟ್ಟಲೆ ಇಳಿಯುವ ಕಷ್ಟ ಆ ಬ್ರೇಕುಗಳಿಗೆ ಇರುವುದಿಲ್ಲ. ಸಂಡೂರಿನ ಸುತ್ತಮುತ್ತ ಅದಿರು ಇರುವುದು ಗುಡ್ಡಗಳ ನೆತ್ತಿಯಲ್ಲಿ. ಹಾಗಾಗಿ ಪ್ರತಿ ಟ್ರಿಪ್ಪಿನಲ್ಲೂ ಗಾಡಿ ಪೂರ್ತಿ ಭಾರ ಹೊತ್ತೇ ಇಳಿಯಬೇಕು. ಬ್ರೇಕಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ.

ಎಷ್ಟು ಕಷ್ಟ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ಗಾಡಿ ಮತ್ತು ಅದಿರಿನ ಒಟ್ಟು ತೂಕ 40 ಟನ್ ಎಂದಿಟ್ಟುಕೊಳ್ಳೋಣ. ಗಣಿರಸ್ತೆಗೆ ಸಾಮಾನ್ಯವಾಗಿ ವಿಧಿಸುವ ಮಿತಿಯಂತೆ, 16 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿಯುವ ದಾರಿಯಲ್ಲಿ ಅದು ಗಂಟೆಗೆ 20 ಕಿ.ಮೀ. ವೇಗದಲ್ಲಿ ಇಳಿಯುತ್ತಿದೆ ಎನ್ನೋಣ. ವೇಗ ಏರದಂತೆ ಹಿಡಿದಿಡಲು ಪ್ರತಿ ಕ್ಷಣವೂ ಸುಮಾರು 136 ಕಿಲೋವ್ಯಾಟ್ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕಾಗುತ್ತದೆ. ಚಕ್ರಗಳು ಮಣ್ಣಿನ ಮೇಲೆ ಉರುಳುವಾಗ ತಾವಾಗಿಯೇ ನುಂಗುವ ಪಾಲನ್ನು ಬಿಟ್ಟರೂ 90 ಕಿಲೋವ್ಯಾಟಿನಷ್ಟು ಉಳಿಯುತ್ತದೆ. ಇದೇ ಗಾಡಿ 100 ಮೀಟರ್ ಎತ್ತರ ಇಳಿಯುವಷ್ಟರಲ್ಲಿ, ಅಂದರೆ ಸುಮಾರು 1.6 ಕಿ.ಮೀ. ದಾರಿಯಲ್ಲಿ, ಕಳೆದುಕೊಳ್ಳಬೇಕಾದ ಶಕ್ತಿಯೆಲ್ಲ ಶಾಖವಾದರೆ 120 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬಿಂದುವಿಗೆ ತರಬಹುದು. ಬಚ್ಚಲ ಮನೆಯ ಹಂಡೆಗಳನ್ನು ನೆನಪಿಸಿಕೊಳ್ಳಿ. ಐದು ನಿಮಿಷದೊಳಗೆ ಅಷ್ಟು ನೀರು ಕಾಯಿಸುವ ಬೆಂಕಿ ಆ ಗಾಡಿಯ ಕೆಳಗೆ ಹುಟ್ಟುತ್ತಿರುತ್ತದೆ. ಅದನ್ನು ಯಾವ ಭಾಗ ತಿನ್ನಬೇಕು ಎಂಬುದರ ಮೇಲೆ ಚಾಲಕನ ಜೀವ ನಿಂತಿದೆ.

ಅದರ ದೊಡ್ಡ ಪಾಲನ್ನು ತಿನ್ನಬೇಕಾದದ್ದು ಎಂಜಿನ್. ‘ಏರುವ ಗೇರಿನಲ್ಲೇ ಇಳಿಯಬೇಕು’ ಎಂದು ಹಳೆಯ ಚಾಲಕರು ಹೇಳುವುದು ಇದೇ ಕಾರಣಕ್ಕೆ. ಕೆಳಗಿನ ಗೇರಿನಲ್ಲಿ ಗಾಡಿಯ ಭಾರವೇ ಎಂಜಿನ್ನನ್ನು ತಿರುಗಿಸುತ್ತದೆ, ಎಂಜಿನ್ ಅದನ್ನು ತಡೆಯುತ್ತದೆ. ಹೊಗೆಕೊಳವೆಯನ್ನು ಮುಚ್ಚಿ ಆ ತಡೆಯನ್ನು ಹೆಚ್ಚಿಸುವ ಎಕ್ಸಾಸ್ಟ್ ಬ್ರೇಕ್ ಇದ್ದರೆ, ಅಥವಾ ಇಳಿಜಾರಿನಲ್ಲಿ ವೇಗವನ್ನು ಹಿಡಿದಿಡುವ ಪ್ರತ್ಯೇಕ ಸಾಧನವಾದ ರಿಟಾರ್ಡರ್ ಇದ್ದರೆ, ಚಕ್ರದ ಬ್ರೇಕಿಗೆ ಆಗಾಗ ಮುಟ್ಟಿ ಸರಿಪಡಿಸುವಷ್ಟೇ ಕೆಲಸ ಉಳಿಯುತ್ತದೆ. ಗಣಿಗೆಂದೇ ತಯಾರಾಗುವ ದೊಡ್ಡ ಡಂಪರುಗಳಲ್ಲಿ, ಉದಾಹರಣೆಗೆ ನಮ್ಮ ಮೈಸೂರಿನ ಬಿಇಎಂಎಲ್ ಕಾರ್ಖಾನೆಯಲ್ಲಿ ತಯಾರಾಗುವಂಥವುಗಳಲ್ಲಿ, ರಿಟಾರ್ಡರ್ ಎಂಬುದು ವಿನ್ಯಾಸದಲ್ಲೇ ಸೇರಿದ ಭಾಗ. ಟಿಪ್ಪರ್ ಹಾಗಲ್ಲ. ಅದು ಮೂಲತಃ ಹೆದ್ದಾರಿಯ ಲಾರಿ. ಅಗ್ಗ, ಬಿಡಿಭಾಗ ಎಲ್ಲೆಡೆ ಸಿಗುತ್ತವೆ, ಗುತ್ತಿಗೆ ಮುಗಿದರೆ ಬೇರೆಡೆ ಓಡಿಸಬಹುದು ಎಂಬ ಕಾರಣಗಳಿಗೆ ಗಣಿಗೆ ಬಂದಿದೆ. ಟಿಪ್ಪರನ್ನು ಗಣಿಯಲ್ಲಿ ಬಳಸಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಅದರ ಡ್ರಮ್ ಬ್ರೇಕಿಗೆ ತಣ್ಣಗಾಗಲು ಬೀಸುವ ಗಾಳಿಯ ಹೊರತು ಬೇರೆ ಆಸರೆಯಿಲ್ಲ, ಗುಡ್ಡದ ದಾರಿಯಲ್ಲಿ 20 ಕಿ.ಮೀ. ವೇಗಕ್ಕೆ ಆ ಗಾಳಿಯೂ ಸಾಲದು ಎಂಬುದನ್ನು ಅದನ್ನು ಕೆಲಸಕ್ಕೆ ಹಚ್ಚುವವರು ಮರೆಯಬಾರದು.

ಡ್ರಮ್ ಎಂದರೆ ಚಕ್ರದೊಂದಿಗೆ ತಿರುಗುವ ಎರಕದ ಬಟ್ಟಲು; ಅದರ ಒಳಮೈಗೆ ಲೈನರ್ ಒತ್ತಿದಾಗ ಗಾಡಿ ನಿಲ್ಲುತ್ತದೆ. ಡ್ರಮ್ ಕಾದಾಗ ಎರಡು ಕೆಡುಕು ಒಟ್ಟಿಗೆ ಆಗುತ್ತವೆ. ಬ್ರೇಕ್ ಲೈನರಿನ ಮೇಲ್ಮೈ ಬೆಂದು ಗಾಜಿನಂತೆ ನುಣುಪಾಗಿ ಹಿಡಿತ ಕಡಿಮೆಯಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎರಡನೆಯದು ಅಷ್ಟು ಗೊತ್ತಿಲ್ಲದ್ದು: ಡ್ರಮ್ಮೇ ಹಿಗ್ಗುತ್ತದೆ. 410 ಮಿಲಿಮೀಟರ್ ವ್ಯಾಸದ ಎರಕದ ಡ್ರಮ್ 300 ಡಿಗ್ರಿ ಬಿಸಿಯೇರಿದರೆ ಅದರ ವ್ಯಾಸ ಒಂದು ಮಿಲಿಮೀಟರಿಗೂ ಹೆಚ್ಚು ದೊಡ್ಡದಾಗುತ್ತದೆ. ಅಂದರೆ ಲೈನರಿನಿಂದ ಡ್ರಮ್ ದೂರ ಸರಿಯುತ್ತದೆ. ಆ ಒಂದು ಮಿಲಿಮೀಟರನ್ನು ತುಂಬಲು ಗಾಳಿಯ ಒತ್ತಡದಿಂದ ಬ್ರೇಕ್ ಒತ್ತುವ ಗಾಳಿ ಚೇಂಬರಿನ ಸರಳು ಅದರ ಹಲವು ಪಟ್ಟು ಹೆಚ್ಚು ಚಲಿಸಬೇಕು. ಸಾಮಾನ್ಯವಾಗಿ ಬಳಸುವ 30ರ ಅಳತೆಯ ಚೇಂಬರಿನಲ್ಲಿ ಸರಳಿನ ಪೂರ್ತಿ ಓಟವೇ ಸುಮಾರು 64 ಮಿಲಿಮೀಟರ್. 51 ದಾಟಿದರೆ ಹೊಂದಿಸಬೇಕು ಎಂಬುದು ಬಹುಕಾಲದಿಂದ ಪಾಲಿಸಿಕೊಂಡು ಬಂದ ಮಿತಿ. ಲೈನರ್ ಸವೆದು, ಆ ಸವೆತದ ಸಡಿಲವನ್ನು ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್ ಬಿಗಿ ಮಾಡದೆ, ಸರಳು ಆಗಲೇ 50ರ ಹತ್ತಿರ ಓಡುತ್ತಿರುವ ಗಾಡಿ ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿಯೇ ನಿಲ್ಲುತ್ತದೆ. ಅದೇ ಗಾಡಿ ನಾಲ್ಕನೆಯದೋ ಐದನೆಯದೋ ಟ್ರಿಪ್ಪಿನಲ್ಲಿ, ಡ್ರಮ್ ಕಾದು ಹಿಗ್ಗಿದ ಹೊತ್ತಿನಲ್ಲಿ, ಸರಳಿನ ಓಟವೆಲ್ಲ ಮುಗಿದು ಲೈನರನ್ನು ಒತ್ತಲು ಬಲವೇ ಉಳಿಯದೆ ನಿಲ್ಲದಾಗುತ್ತದೆ. ಬೆಳಿಗ್ಗೆ ಸರಿಯಿದ್ದ ಬ್ರೇಕ್ ಮಧ್ಯಾಹ್ನ ‘ಇದ್ದಕ್ಕಿದ್ದಂತೆ’ ಹೋಯಿತು ಎಂದು ಸಾಕ್ಷಿಗಳು ಹೇಳುವುದು ಸುಳ್ಳಲ್ಲ. ಆದರೆ ಅದು ಇದ್ದಕ್ಕಿದ್ದಂತೆ ಹೋದದ್ದಲ್ಲ, ವಾರಗಟ್ಟಲೆ ಹೋಗುತ್ತಾ ಬಂದಿತ್ತು.

‘ಏರ್ ಹೋಯಿತು, ಅದಕ್ಕೆ ಬ್ರೇಕ್ ಹಿಡಿಯಲಿಲ್ಲ’ ಎಂಬ ವಿವರಣೆಯನ್ನು ನಾನು ಮೊದಲಿನಿಂದಲೂ ಅನುಮಾನದಿಂದಲೇ ಕೇಳುತ್ತೇನೆ. ಈಗಿನ ಗಾಡಿಗಳ ಹಿಂಬದಿ ಚಕ್ರಗಳಲ್ಲಿ ಸ್ಪ್ರಿಂಗ್ ಬ್ರೇಕ್ ಇರುತ್ತದೆ. ಒಳಗಿನ ಬಲವಾದ ಸ್ಪ್ರಿಂಗನ್ನು ಗಾಳಿಯ ಒತ್ತಡ ಹಿಂದಕ್ಕೆ ಹಿಡಿದಿರುತ್ತದೆ. ಗಾಳಿ ಸೋರಿಹೋದರೆ ಸ್ಪ್ರಿಂಗ್ ತಾನಾಗಿಯೇ ಬಿಚ್ಚಿಕೊಂಡು ಬ್ರೇಕ್ ಹಾಕುತ್ತದೆ. ಹಾಗಾಗಿ ಸುಸ್ಥಿತಿಯಲ್ಲಿರುವ ಗಾಡಿಯ ಗಾಳಿ ಪೂರ್ತಿ ಹೋದರೆ ಅದು ನಿಲ್ಲಬೇಕೇ ಹೊರತು ಓಡಬಾರದು. ಗಾಳಿ ಹೋಗಿಯೂ ಗಾಡಿ ಓಡಿತೆಂದರೆ ಒಂದೋ ಹೊಂದಾಣಿಕೆ ತಪ್ಪಿ ಆ ಸ್ಪ್ರಿಂಗಿನ ಬಲವೂ ಡ್ರಮ್ ಮುಟ್ಟುತ್ತಿಲ್ಲ, ಇಲ್ಲವೇ ಯಾರೋ ಸ್ಪ್ರಿಂಗನ್ನು ಬೋಲ್ಟ್ ಹಾಕಿ ಕಟ್ಟಿಬಿಟ್ಟಿದ್ದಾರೆ. ಕೆಟ್ಟು ನಿಂತ ಗಾಡಿಯನ್ನು ಎಳೆದೊಯ್ಯಲು ಚೇಂಬರಿನ ಹಿಂಭಾಗದಲ್ಲಿ ಉದ್ದನೆಯ ಬೋಲ್ಟ್ ತಿರುಗಿಸಿ ಸ್ಪ್ರಿಂಗನ್ನು ಅದುಮಿಡುವ ವ್ಯವಸ್ಥೆ ಇದೆ. ಶೆಡ್ಡಿಗೆ ಬಂದ ಮೇಲೆ ಅದನ್ನು ತೆಗೆಯಬೇಕು. ನಾನು ಕೆಲಸದಲ್ಲಿದ್ದ ಒಂದು ಗಣಿಯಲ್ಲಿ, ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಎಂಬ ದೂರಿನ ಮೇಲೆ ಟಿಪ್ಪರೊಂದನ್ನು ತಪಾಸಣೆಗೆ ತಂದಾಗ ಹಿಂದಿನ ನಾಲ್ಕು ಚೇಂಬರುಗಳಲ್ಲಿ ಮೂರರಲ್ಲಿ ಆ ಬೋಲ್ಟ್ ಹಾಗೆಯೇ ಇತ್ತು. ಯಾರು ಹಾಕಿದ್ದು, ಎಂದು ಹಾಕಿದ್ದು ಎಂಬ ದಾಖಲೆ ಇರಲಿಲ್ಲ. ಅದರ ಮೇಲೆ ತುಕ್ಕು ಕೂತಿದ್ದನ್ನು ನೋಡಿದರೆ ನಿನ್ನೆ ಮೊನ್ನೆಯದಲ್ಲ ಎಂಬುದು ಮಾತ್ರ ಸ್ಪಷ್ಟವಿತ್ತು. ಅಷ್ಟು ದಿನ ಆ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಚಾಲಕರು ಇಳಿದು ಹೋಗುತ್ತಿದ್ದರು.

ಇನ್ನು ನ್ಯೂಟ್ರಲ್ ವಿಚಾರ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಗೇರ್ ತಪ್ಪಿಸುವ ಚಾಳಿ ನಮ್ಮಲ್ಲಿ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಲೆಕ್ಕವೂ ಈಗ ತಪ್ಪು. ವಿದ್ಯುನ್ಮಾನ ನಿಯಂತ್ರಣದ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಂತೆ ಡೀಸೆಲ್ ಸುಡುತ್ತಲೇ ಇರುತ್ತದೆ. ಆದರೆ ಅಪಘಾತದ ನಂತರ ಗೇರ್ ನ್ಯೂಟ್ರಲ್‌ನಲ್ಲಿ ಸಿಕ್ಕಿತು ಎಂಬುದಷ್ಟೇ ನಿಮ್ಮ ಭಾವ ಬೇಕೆಂದೇ ಹಾಗೆ ಬಿಟ್ಟಿದ್ದರು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಬ್ರೇಕ್ ಸೋಲುತ್ತಿದೆ ಎಂದು ಗೊತ್ತಾದ ಚಾಲಕ ಮಾಡುವ ಮೊದಲ ಕೆಲಸ ಕೆಳಗಿನ ಗೇರಿಗೆ ಎಳೆಯುವುದು. ವೇಗ ಆಗಲೇ ಏರಿದ್ದರೆ ಮೇಲಿನ ಗೇರಿನಿಂದ ಹೊರಬಂದ ಕಡ್ಡಿ ಕೆಳಗಿನದಕ್ಕೆ ಕೂರುವುದಿಲ್ಲ, ನಡುವೆ ನ್ಯೂಟ್ರಲ್‌ನಲ್ಲೇ ಉಳಿದುಬಿಡುತ್ತದೆ. ಅಲ್ಲಿಂದ ಮುಂದೆ ಎಂಜಿನ್ನಿನ ಆಸರೆ ಪೂರ್ತಿ ತಪ್ಪಿದಂತೆ. ಜೀವ ಉಳಿಸಿಕೊಳ್ಳಲು ಮಾಡಿದ ಪ್ರಯತ್ನವೂ ಅಜಾಗರೂಕತೆಯೂ ಗೇರ್ ಕಡ್ಡಿಯನ್ನು ಒಂದೇ ಜಾಗದಲ್ಲಿ ನಿಲ್ಲಿಸುತ್ತವೆ. ಯಾವುದು ನಡೆಯಿತು ಎಂಬುದನ್ನು ಬೇರೆ ಗುರುತುಗಳಿಂದ ತಿಳಿಯಬೇಕು: ಜಿಪಿಎಸ್ ದಾಖಲೆಯಲ್ಲಿ ವೇಗ ಎಲ್ಲಿಂದ ಏರಲು ಶುರುವಾಯಿತು, ಡ್ರಮ್ಮುಗಳ ಮೇಲೆ ಅತಿ ಶಾಖದ ನೀಲಿ ಛಾಯೆ ಇದೆಯೇ, ಎಲ್ಲ ಚಕ್ರಗಳಲ್ಲೂ ಇದೆಯೇ ಅಥವಾ ಕೆಲವೇ ಚಕ್ರಗಳು ದುಡಿದು ಉಳಿದವು ಸುಮ್ಮನಿದ್ದವೇ, ಪ್ರತಿ ಚೇಂಬರಿನ ಸರಳು ಎಷ್ಟು ಓಡುತ್ತದೆ, ಎಂಜಿನ್ನಿನ ಬಲವನ್ನು ಹಿಂಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅಪಘಾತಕ್ಕೆ ಮೊದಲೇ ತುಂಡಾಗಿತ್ತೇ. ಕೊನೆಯದನ್ನು ಅನೇಕರು ಕೇಳುವುದೇ ಇಲ್ಲ. ಶಾಫ್ಟ್ ತುಂಡಾದರೆ ಗೇರ್ ಎಲ್ಲಿದ್ದರೂ ಎಂಜಿನ್ನಿನ ತಡೆ ಚಕ್ರಕ್ಕೆ ತಲುಪುವುದಿಲ್ಲ; ಕೆಳಗೆ ರಕ್ಷಣಾ ಪಟ್ಟಿ ಇಲ್ಲದಿದ್ದರೆ ತಿರುಗುತ್ತಿರುವ ಆ ತುಂಡು ಬೀಸಿ ಹೊಡೆದು ಗಾಳಿಯ ಕೊಳವೆಗಳನ್ನೂ ಹರಿಯಬಲ್ಲದು.

ಎಫ್‌ಸಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಂಟು ವರ್ಷದವರೆಗಿನ ಸರಕು ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಆ ನಂತರ ವರ್ಷಕ್ಕೊಮ್ಮೆ ಆಗುವ ಆ ಪರೀಕ್ಷೆ ಗಾಡಿ ಆ ದಿನ ರಸ್ತೆಗೆ ಯೋಗ್ಯವಾಗಿತ್ತು ಎಂದು ಹೇಳುತ್ತದೆ. ಖಾಲಿ ಗಾಡಿ, ಸಮತಟ್ಟು ನೆಲ, ತಣ್ಣಗಿನ ಡ್ರಮ್. ಗಣಿಯಲ್ಲಿ ದಿನಕ್ಕೆ ಹತ್ತಾರು ಬಾರಿ ಭಾರ ಹೊತ್ತು ಇಳಿಯುವ ಗಾಡಿಯ ಲೈನರಿಗೆ ಎರಡು ತಿಂಗಳು ಬಹಳ ದೊಡ್ಡ ಅವಧಿ. ಅಮೆರಿಕದ ಗಣಿ ಸುರಕ್ಷತಾ ನಿಯಮ ಈ ವಿಚಾರದಲ್ಲಿ ಸರಿಯಾದ ಮಾತನ್ನು ಬಳಸುತ್ತದೆ. ಗಾಡಿ ಸಾಮಾನ್ಯವಾಗಿ ಹೊರುವ ಭಾರದೊಂದಿಗೆ, ಅದು ಓಡಾಡುವ ಅತಿ ಕಡಿದಾದ ಇಳಿಜಾರಿನಲ್ಲಿ, ಬ್ರೇಕ್ ಗಾಡಿಯನ್ನು ನಿಲ್ಲಿಸಿ ಹಿಡಿದಿಡಬೇಕು ಎಂಬುದು ಅಲ್ಲಿನ ಅಳತೆ. ಎಫ್‌ಸಿ ಇದೆಯೋ ಇಲ್ಲವೋ ಎಂಬುದಕ್ಕಿಂತ, ಆ ಗಾಡಿಯನ್ನು ಆ ದಾರಿಯ ಇಳಿಜಾರಿನಲ್ಲಿ ಭಾರದೊಂದಿಗೆ ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂಬುದು ನೀವು ಕೇಳಬೇಕಾದ ಪ್ರಶ್ನೆ.

ಬ್ರೇಕ್ ವೈಫಲ್ಯದ ಹಿಂದೆ ಏನೆಲ್ಲ ಇರಬಲ್ಲದು ಎಂಬುದಕ್ಕೆ ನ್ಯಾಯಾಲಯದವರೆಗೆ ಹೋಗಿ ಇತ್ಯರ್ಥವಾದ ಒಂದು ಪ್ರಕರಣವನ್ನು ಹೇಳುತ್ತೇನೆ. ಅದು ಗಣಿಯದಲ್ಲ, ಇಂಗ್ಲೆಂಡಿನ ರೈಲುಹಳಿ ಕೆಲಸದ್ದು. 2004ರ ಫೆಬ್ರುವರಿ 15ರ ನಸುಕಿನಲ್ಲಿ ಕಂಬ್ರಿಯಾ ಪ್ರಾಂತ್ಯದ ಟೀಬೇ ಎಂಬಲ್ಲಿ ಹಳಿ ದುರಸ್ತಿ ಮಾಡುತ್ತಿದ್ದ ನಾಲ್ವರು ಕೆಲಸಗಾರರ ಮೇಲೆ, ಇಳಿಜಾರಿನ ಮೇಲ್ಭಾಗದಿಂದ ಉಕ್ಕಿನ ಹಳಿಗಳನ್ನು ಹೊತ್ತ ಟ್ರೈಲರೊಂದು ತಾನಾಗಿಯೇ ಉರುಳಿ ಬಂದು ಹರಿಯಿತು. ಅದು ಹೊರಟದ್ದು ಕೆಲವು ಮೈಲಿ ಮೇಲಿನ ಇನ್ನೊಂದು ಕೆಲಸದ ಜಾಗದಿಂದ. ಆ ಇಳಿಜಾರು 75ಕ್ಕೆ 1 ಮಾತ್ರ, ನಿಮ್ಮ ಗಣಿರಸ್ತೆಯ ನಾಲ್ಕನೇ ಒಂದು ಪಾಲಿಗೂ ಕಡಿಮೆ. ಆದರೆ ಉಕ್ಕಿನ ಮೇಲೆ ಉಕ್ಕು ಉರುಳುವಾಗ ತಡೆಯೇ ಇರುವುದಿಲ್ಲವಾದ್ದರಿಂದ ಅಷ್ಟೇ ಸಾಕಾಯಿತು. ಮೇಲ್ನೋಟಕ್ಕೆ ಇದೂ ಬ್ರೇಕ್ ಫೇಲ್. ತನಿಖೆ ಮಾಡಿದಾಗ ಸಿಕ್ಕಿದ್ದು ಬೇರೆ. ಟ್ರೈಲರಿನ ಹೈಡ್ರಾಲಿಕ್ ಬ್ರೇಕುಗಳ ಸಂಪರ್ಕವನ್ನು ಬೇಕೆಂದೇ ಕಳಚಲಾಗಿತ್ತು. ನೋಡುವವರಿಗೆ ಸರಿಯಿದೆ ಎಂದು ತೋರಲೆಂದು ಕೊಳವೆಯೊಳಗೆ ಬೇರಿಂಗಿನ ಗುಂಡುಗಳನ್ನು ತುಂಬಲಾಗಿತ್ತು. ಭಾರ ತುಂಬಿದ ಟ್ರೈಲರನ್ನು ಆ ರಾತ್ರಿ ಹಿಡಿದಿದ್ದದ್ದು ಚಕ್ರಕ್ಕೆ ಕೊಟ್ಟಿದ್ದ ಮರದ ತುಂಡುಗಳು ಮಾತ್ರ. ಯಂತ್ರಗಳ ಮಾಲೀಕನಿಗೆ 2006ರಲ್ಲಿ ನರಹತ್ಯೆಯ ಅಪರಾಧಕ್ಕೆ ಒಂಬತ್ತು ವರ್ಷ ಜೈಲಾಯಿತು, ಮೇಲ್ಮನವಿಯಲ್ಲಿ ಅದು ಏಳಕ್ಕೆ ಇಳಿಯಿತು. ಟ್ರೈಲರಿಗೆ ಹಳಿ ತುಂಬುತ್ತಿದ್ದ ಕ್ರೇನ್ ನಡೆಸುತ್ತಿದ್ದವನಿಗೆ ಎರಡು ವರ್ಷ. ಬ್ರೇಕಿನ ಕೊಳವೆಯನ್ನು ಬಿಚ್ಚಿ ಒಳಗೆ ನೋಡಿದವರೊಬ್ಬರು ಇಲ್ಲದಿದ್ದರೆ ಅಲ್ಲಿಯೂ ಒಂದೇ ಸಾಲಿನಲ್ಲಿ ಕಾಗದ ಮುಗಿಯುತ್ತಿತ್ತು. ಶಿಕ್ಷೆಯ ಪ್ರಮಾಣವೂ ಗಮನಿಸತಕ್ಕದ್ದು. ಯಂತ್ರವನ್ನು ಕೈಯಲ್ಲಿ ಹಿಡಿದವನಿಗಿಂತ ಅದನ್ನು ಆ ಸ್ಥಿತಿಯಲ್ಲಿ ಕಳಿಸಿದವನ ಹೊಣೆ ದೊಡ್ಡದು ಎಂದು ಆ ನ್ಯಾಯಾಲಯ ಕಂಡಿತು.

ಸತ್ತ ನಾಲ್ವರೂ ಆ ಟ್ರೈಲರನ್ನು ನಡೆಸುತ್ತಿದ್ದವರಲ್ಲ, ಅದನ್ನು ನೋಡಿಯೂ ಇರಲಿಲ್ಲ. ಬ್ರೇಕ್ ಸೋತಾಗ ಸಾಯುವವರು ಚಾಲಕರಷ್ಟೇ ಎಂದುಕೊಳ್ಳುವುದು ತಪ್ಪು ಎಂಬ ಕಾರಣಕ್ಕೂ ಈ ಪ್ರಕರಣವನ್ನು ಹೇಳಿದೆ. ಗಣಿಗಳಲ್ಲಿ, ಕಲ್ಲುಕ್ವಾರಿಗಳಲ್ಲಿ, ರಸ್ತೆ ಕಾಮಗಾರಿಗಳಲ್ಲಿ ನಿಂತ ಗಾಡಿಯೇ ಕೊಲ್ಲುವುದುಂಟು. ಸ್ಲ್ಯಾಕ್ ಅಡ್ಜಸ್ಟರ್ ಹೊಂದಿಸಲು ಕೆಳಗೆ ನುಸುಳುವ ಮೆಕ್ಯಾನಿಕ್ ಆ ಕೆಲಸಕ್ಕಾಗಿ ಪಾರ್ಕಿಂಗ್ ಬ್ರೇಕನ್ನು ಬಿಡಿಸಲೇಬೇಕು. ಆಗ ಚಕ್ರಕ್ಕೆ ಎರಡೂ ಕಡೆ ಗಟ್ಟಿ ಅಡೆ ಕೊಟ್ಟಿರದಿದ್ದರೆ ಗಾಡಿಯನ್ನು ಹಿಡಿದಿಡುವುದು ಏನೂ ಇಲ್ಲ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವಾಗಲೂ ಹೀಗೆಯೇ: ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂಬ ಧೈರ್ಯ ಕೊನೆಯ ಬೋಲ್ಟ್ ಕಳಚುವವರೆಗೆ ಮಾತ್ರ. ಉರುಳಲು ಶುರುವಾದ ಗಾಡಿಯ ಹಿಂದೆ ಓಡಿ ಕ್ಯಾಬಿನ್ ಹತ್ತಲು ಹೋಗಿ ಚಕ್ರಕ್ಕೆ ಸಿಕ್ಕವರಿದ್ದಾರೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಚಕ್ರಕ್ಕೆ ಅಡೆ ಕೊಡಬೇಕು, ಇಲ್ಲವೇ ಚಕ್ರವನ್ನು ಗುಡ್ಡದ ಬದಿಯ ದಿಬ್ಬಕ್ಕೆ ತಿರುಗಿಸಿಡಬೇಕು ಎಂಬ ನಿಯಮ ಇದಕ್ಕಾಗಿಯೇ ಇದೆ. ಕೈಗೆ ಸಿಕ್ಕ ಅದಿರಿನ ಹೆಂಟೆಯನ್ನು ಕಾಲಿನಲ್ಲಿ ತಳ್ಳಿ ಇಡುವುದು ಅಡೆ ಕೊಟ್ಟಂತಲ್ಲ. ಅದು ಪುಡಿಯಾಗುತ್ತದೆ.

ದಾರಿಯ ಬಗ್ಗೆಯೂ ಕೇಳಿ. ತಿರುವಿನಲ್ಲಿ ಗಾಡಿ ಕೆಳಕ್ಕೆ ಉರುಳಿತು ಎಂದಿದ್ದೀರಿ. ಅಂದರೆ ಅಂಚಿನಲ್ಲಿದ್ದ ಮಣ್ಣಿನ ದಿಬ್ಬ ಅದನ್ನು ತಡೆಯಲಿಲ್ಲ, ಅಥವಾ ದಿಬ್ಬವೇ ಇರಲಿಲ್ಲ. ಅಮೆರಿಕದ ನಿಯಮದಲ್ಲಿ ಆ ದಿಬ್ಬ ಆ ದಾರಿಯಲ್ಲಿ ಓಡುವ ಅತಿ ದೊಡ್ಡ ಗಾಡಿಯ ಅಚ್ಚಿನ ಮಧ್ಯದಷ್ಟಾದರೂ ಎತ್ತರ ಇರಬೇಕು. ನಮ್ಮಲ್ಲೂ ಅಂಚಿನ ದಿಬ್ಬ ಗಣಿರಸ್ತೆಯ ಕಡ್ಡಾಯ ಭಾಗ. ಮಳೆಗೆ ಕೊಚ್ಚಿ ಹೋಗಿ, ಗ್ರೇಡರ್ ಸವರಿ ಸವರಿ, ಮೊಣಕಾಲೆತ್ತರಕ್ಕೆ ಇಳಿದ ದಿಬ್ಬಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಿಡಿತ ತಪ್ಪಿದ ಗಾಡಿ ಹತ್ತಿ ನಿಲ್ಲಲು ಅಲ್ಲಲ್ಲಿ ಸಡಿಲ ಮಣ್ಣಿನ ಏರುದಾರಿಯನ್ನೋ, ರಸ್ತೆಯ ನಡುವೆ ಮಣ್ಣಿನ ಗುಪ್ಪೆಗಳನ್ನೋ ಮಾಡಿಟ್ಟಿದ್ದರೆ, ಬ್ರೇಕ್ ಸೋತರೂ ಜೀವ ಉಳಿಯುತ್ತದೆ. ಬ್ರೇಕ್ ಸೋತದ್ದಕ್ಕೆ ಒಂದು ಕಾರಣವಿರಬಹುದು, ಸಾವಿಗೆ ಇನ್ನೊಂದು ಕಾರಣವಿರಬಹುದು.

ಈಗ ಕಾನೂನು. ಇಲ್ಲಿ ಎರಡು ತನಿಖೆಗಳು ಬೇರೆ ಬೇರೆ ನಡೆಯುತ್ತವೆ ಎಂಬುದನ್ನು ಮೊದಲು ತಿಳಿಯಿರಿ. ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ, ನಿರ್ಲಕ್ಷ್ಯದಿಂದಾದ ಸಾವು ಎಂದು ದೂರು ದಾಖಲಿಸುತ್ತಾರೆ. ಗಾಡಿ ಓಡಿಸುತ್ತಿದ್ದವರನ್ನೇ ಆರೋಪಿ ಎಂದು ಬರೆದು, ಆ ಆರೋಪಿಯೇ ಸತ್ತಿದ್ದರೆ, ಪ್ರಕರಣ ಅಲ್ಲಿಗೇ ಮುಕ್ತಾಯವಾಗುತ್ತದೆ. ಗಾಡಿಯನ್ನು ಆ ಸ್ಥಿತಿಯಲ್ಲಿ ಓಡಿಸಲು ಬಿಟ್ಟವರ ಹೆಸರು ಯಾವ ಕಾಗದದಲ್ಲೂ ಬರುವುದಿಲ್ಲ. ಇದು ಯಾರದೋ ಸಂಚು ಎಂದು ನಾನು ಹೇಳುತ್ತಿಲ್ಲ, ಆದರೆ ಫಲ ಮಾತ್ರ ಅದೇ. ಎರಡನೆಯದು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ವಿಚಾರಣೆ. ಧನಬಾದಿನಲ್ಲಿ ಕೇಂದ್ರ ಕಚೇರಿಯಿರುವ, 1902ರಿಂದ ನಡೆದುಬಂದ ಈ ಸಂಸ್ಥೆಗೆ ಬಳ್ಳಾರಿಯಲ್ಲಿ ಪ್ರಾದೇಶಿಕ ಕಚೇರಿ ಇದೆ. ಗಣಿಯೊಳಗಿನ ಪ್ರತಿ ಸಾವನ್ನೂ ಗಣಿಯವರು ಅದಕ್ಕೆ ತಿಳಿಸಬೇಕು. 1952ರ ಗಣಿ ಕಾಯ್ದೆಯಡಿ, ರಕ್ಷಣಾ ಕಾರ್ಯಕ್ಕೆ ಅಗತ್ಯವಾದಷ್ಟನ್ನು ಬಿಟ್ಟು ಅಪಘಾತದ ಜಾಗವನ್ನು ನಿರೀಕ್ಷಕರು ಬರುವವರೆಗೆ ಬದಲಿಸುವಂತಿರಲಿಲ್ಲ. 72 ಗಂಟೆಯೊಳಗೆ ಅವರು ಬರದಿದ್ದರೆ ಮಾತ್ರ ಕೆಲಸ ಮುಂದುವರಿಸಬಹುದಿತ್ತು. ಗುತ್ತಿಗೆದಾರರು ಇದ್ದಾರೆಂಬ ಮಾತ್ರಕ್ಕೆ ಗಣಿ ಮಾಲೀಕರ ಹೊಣೆ ಕಳಚುವುದಿಲ್ಲ ಎಂದೂ ಆ ಕಾಯ್ದೆ ಹೇಳಿತ್ತು. ಅದನ್ನೂ ಒಳಗೊಂಡು ರೂಪಿಸಿದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಹಳೆಯ ನಿಯಮಾವಳಿಗಳು ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ ಸದ್ಯಕ್ಕೆ ಮುಂದುವರಿಯುತ್ತವೆ. ನಿಮ್ಮ ಅಕ್ಕನ ಹೆಸರಿನಲ್ಲಿ ಆ ಪ್ರಾದೇಶಿಕ ಕಚೇರಿಗೆ ಇಂದೇ ಒಂದು ಪತ್ರ ಬರೆಯಿರಿ. ಗಾಡಿಯನ್ನು ಬಿಡುಗಡೆ ಮಾಡುವ ಮೊದಲು ಪ್ರತಿ ಚಕ್ರದ ಬ್ರೇಕನ್ನು ಬಿಚ್ಚಿ ಅಳೆದು ಫೋಟೊ ಸಹಿತ ದಾಖಲಿಸಬೇಕು, ಗಾಡಿಯ ನಿರ್ವಹಣಾ ಪುಸ್ತಕ, ಹಿಂದಿನ ಪಾಳಿಗಳ ದೋಷ ದಾಖಲೆ, ಆ ದಿನದ ತೂಕದ ಚೀಟಿ ಮತ್ತು ಜಿಪಿಎಸ್ ವಿವರಗಳನ್ನು ವಶಕ್ಕೆ ಪಡೆಯಬೇಕು ಎಂದು ಕೇಳಿ. ಗಾಡಿ ಗುಜರಿಗೆ ಹೋದ ಮೇಲೆ ಈ ಪತ್ರದಿಂದ ಪ್ರಯೋಜನವಿಲ್ಲ.

ಪರಿಹಾರದ ವಿಷಯದಲ್ಲಿ ನಿಮ್ಮ ಭಯ ಅರ್ಥವಾಗುತ್ತದೆ, ಆದರೆ ಅದು ಅಗತ್ಯವಿಲ್ಲದ್ದು. ಕೆಲಸದಲ್ಲಿರುವಾಗ ಕೆಲಸದಿಂದಾದ ಸಾವಿಗೆ ನೀಡಬೇಕಾದ ಪರಿಹಾರಕ್ಕೆ ತಪ್ಪು ಯಾರದು ಎಂಬ ಪ್ರಶ್ನೆಯೇ ಬರುವುದಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ, ಕುಡಿದಿದ್ದರು, ಸುರಕ್ಷತಾ ಆದೇಶವನ್ನು ಬೇಕೆಂದೇ ಮೀರಿದರು ಎಂಬಂಥ ವಾದಗಳನ್ನು ಮಾಲೀಕರು ಎತ್ತಬಹುದಾದದ್ದು ಗಾಯದ ಪ್ರಕರಣಗಳಲ್ಲಿ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆಗಿದ್ದರೆ ಆ ವಾದಗಳಿಗೆ ಎಡೆಯಿರಲಿಲ್ಲ. ಈಗ ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೇ ತತ್ವವನ್ನು ಉಳಿಸಿಕೊಂಡಿದೆ. ಲೆಕ್ಕ ಹೀಗೆ: ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಬೇಕು. 35 ವರ್ಷಕ್ಕೆ ಆ ಗುಣಾಂಕ 197.06. ಹಳೆಯ ಕಾಯ್ದೆಯಡಿ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿದ ವೇತನದ ಮಿತಿ 15,000 ರೂಪಾಯಿ. ಆ ಪ್ರಕಾರ 35 ವರ್ಷದವರ ಸಾವಿಗೆ 14,77,950 ರೂಪಾಯಿ ಆಗುತ್ತದೆ. ತಡಮಾಡಿದರೆ ಬಡ್ಡಿ ಸೇರುತ್ತದೆ. ಗುತ್ತಿಗೆದಾರರು ಕೈಯೆತ್ತಿದರೆ ಮುಖ್ಯ ಮಾಲೀಕರಿಂದಲೇ ಕೇಳಲು ಅವಕಾಶವಿದೆ. ಗಾಡಿ ನೋಂದಾಯಿತ ಮೋಟಾರು ವಾಹನವಾದ್ದರಿಂದ ಮೋಟಾರು ವಾಹನ ಕಾಯ್ದೆಯಡಿ ಹೋಗಬಹುದೆಂದು ಯಾರಾದರೂ ಹೇಳಬಹುದು. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಅಲ್ಲಿ ಚಾಲಕರ ಸ್ವಂತ ನಿರ್ಲಕ್ಷ್ಯದ ಮಾತು ಅಡ್ಡ ಬರುತ್ತದೆ ಎಂಬುದನ್ನು ವಕೀಲರೊಂದಿಗೆ ಚರ್ಚಿಸದೆ ಸಹಿ ಹಾಕಬೇಡಿ. ‘ಎಲ್ಲ ಬಾಕಿ ತೀರಿದೆ’ ಎಂಬ ಕಾಗದಕ್ಕಂತೂ ಈಗಲೇ ಸಹಿ ಬೇಡ.

ಕೊನೆಗೆ ನಿಮ್ಮ ತಮ್ಮನ ಮಾತು. ಪಾಳಿ ಶುರುವಾಗುವ ಮೊದಲು ಅವನು ಮಾಡಬೇಕಾದ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಗಾಳಿ ತುಂಬಿದ ಮೇಲೆ ಎಂಜಿನ್ ಆರಿಸಿ, ಬ್ರೇಕ್ ಒತ್ತಿಹಿಡಿದು ಗಾಳಿಯ ಒತ್ತಡ ತೋರಿಸುವ ಮುಳ್ಳು ಇಳಿಯುತ್ತದೆಯೇ ನೋಡಲಿ. ಸೋರಿಕೆಯ ಸದ್ದಿಗೆ ಕಿವಿ ಕೊಡಲಿ. ಟ್ಯಾಂಕುಗಳ ಅಡಿಯ ಕವಾಟ ಎಳೆದು ನೀರು ಹೊರಹಾಕಲಿ. ಒತ್ತಡ 4 ಬಾರ್ ಆಸುಪಾಸಿಗೆ ಇಳಿದಾಗ ಎಚ್ಚರಿಕೆಯ ದೀಪವೂ ಸದ್ದೂ ಬರುತ್ತವೆಯೇ ಖಚಿತ ಮಾಡಿಕೊಳ್ಳಲಿ. ಹಿಂದಿನ ಚೇಂಬರುಗಳ ಹಿಂಭಾಗದಲ್ಲಿ ಬೋಲ್ಟ್ ಹೊರಚಾಚಿದೆಯೇ ಎಂದು ಟಾರ್ಚ್ ಬಿಟ್ಟು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿರಬೇಕು, ನಡುವೆ ಬದಲಿಸಬಾರದು. ಬ್ರೇಕನ್ನು ಉದ್ದಕ್ಕೂ ಸವರುತ್ತಾ ಇಳಿಯುವುದೂ, ಹೆದರಿ ಮತ್ತೆ ಮತ್ತೆ ಒತ್ತಿ ಗಾಳಿ ಖಾಲಿ ಮಾಡುವುದೂ ಎರಡೂ ಕೆಟ್ಟವು. ವೇಗ ಮಿತಿ ಮುಟ್ಟಿದಾಗ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಟ್ಟುಬಿಡಬೇಕು. ಹಿಡಿತ ತಪ್ಪುತ್ತಿದೆ ಎನಿಸಿದ ಮೊದಲ ಕ್ಷಣದಲ್ಲೇ, ವೇಗ ಇನ್ನೂ ಕಡಿಮೆಯಿರುವಾಗಲೇ, ಗಾಡಿಯನ್ನು ಗುಡ್ಡದ ಬದಿಗೆ ಇಲ್ಲವೇ ದಿಬ್ಬಕ್ಕೆ ಸವರಿಸಬೇಕು. 20 ಕಿ.ಮೀ. ವೇಗ 60 ಆದರೆ ಗಾಡಿಯ ಚಲನಶಕ್ತಿ ಒಂಬತ್ತು ಪಟ್ಟಾಗುತ್ತದೆ, ಆಮೇಲೆ ಯಾವ ದಿಬ್ಬವೂ ಸಾಲದು. ಗಾಡಿ ಹಾಳಾದರೆ ಕೂಲಿ ಹಿಡಿಯುತ್ತಾರೆ ಎಂಬ ಭಯಕ್ಕೆ ಆ ಮೊದಲ ಕ್ಷಣವನ್ನು ಕಳೆದುಕೊಂಡವರು ಅನೇಕರು. ಹಾರಿಬಿಡಬೇಕೇ ಎಂದು ಅವನು ಕೇಳಬಹುದು. ಬೆಲ್ಟ್ ಹಾಕಿಕೊಂಡು ಒಳಗೇ ಇದ್ದು ಸ್ಟೀರಿಂಗ್ ಹಿಡಿಯುವುದೇ ಸಾಮಾನ್ಯವಾಗಿ ಹೆಚ್ಚು ಸುರಕ್ಷಿತ. ಹಾರಿದವರು ಸ್ವಂತ ಗಾಡಿಯ ಹಿಂಚಕ್ರಕ್ಕೇ ಸಿಗುತ್ತಾರೆ.

ದೋಷ ಕಂಡರೆ ಅವನು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬಾರದು. ಗಾಡಿಯ ನಂಬರು, ತಾರೀಕು, ಹೊತ್ತು, ದೋಷ ಇಷ್ಟನ್ನು ಪಾಳಿಯ ಪುಸ್ತಕದಲ್ಲಿ ಬರೆದು, ಆ ಪುಟದ ಫೋಟೊ ತೆಗೆದು ಮನೆಯವರ ಫೋನಿಗೆ ಕಳಿಸಿಡಲಿ. ಜೀವಕ್ಕೆ ತಕ್ಷಣದ ಅಪಾಯವಿದೆ ಎನಿಸಿದಾಗ ಮಾಲೀಕರಿಗೂ ನಿರೀಕ್ಷಕರಿಗೂ ಒಟ್ಟಿಗೇ ತಿಳಿಸುವ ಹಕ್ಕನ್ನು ಹೊಸ ಸಂಹಿತೆ ಕೆಲಸಗಾರನಿಗೆ ಕೊಟ್ಟಿದೆ. ಟ್ರಿಪ್ ಲೆಕ್ಕದಲ್ಲಿ ಕೂಲಿ ಸಿಗುವಾಗ ಗಾಡಿ ನಿಲ್ಲಿಸುವುದು ಹೇಳಿದಷ್ಟು ಸುಲಭವಲ್ಲ ಎಂಬುದು ನನಗೆ ಗೊತ್ತು. ನಿಮ್ಮ ಭಾವನವರು ಆ ಗಾಡಿಯ ಬ್ರೇಕಿನ ಬಗ್ಗೆ ಯಾರ ಬಳಿಯಾದರೂ ಮೊದಲೇ ಹೇಳಿದ್ದರೇ ಎಂದು ಅವರ ಜೊತೆಯ ಚಾಲಕರನ್ನು ಕೇಳಿ ನೋಡಿ. ಹೇಳಿದ್ದರೆ, ಅದನ್ನು ಕೇಳಿಸಿಕೊಂಡವರ ಹೆಸರನ್ನೂ ದಿನವನ್ನೂ ನಿರೀಕ್ಷಕರಿಗೆ ಬರೆಯುವ ಪತ್ರದಲ್ಲಿ ಸೇರಿಸಿ.